ಒಂದು ಮೀಮ್‌ಗೆ ಎಷ್ಟು ಕೈ?

ಎಡಗಡೆ ಒಬ್ಬಾಕೆ ಅಳುತ್ತ, ಬೆರಳು ಚಾಚಿ ಯಾರ ಮೇಲೋ ಕೂಗಾಡುತ್ತಿದ್ದಾಳೆ. ಅವಳನ್ನು ಇನ್ನೊಬ್ಬಳು ತಡೆಹಿಡಿದಿದ್ದಾಳೆ. ಬಲಗಡೆ ಊಟದ ಮೇಜಿನ ಹಿಂದೆ, ಸೊಪ್ಪಿನ ತಟ್ಟೆಯೆದುರು, ಬಿಳಿ ಬೆಕ್ಕೊಂದು ‘ನಾನೇನು ಮಾಡಿದೆ’ ಎಂಬಂತೆ ಮುಖ ಸಿಂಡರಿಸಿ ಕೂತಿದೆ. ಗಂಡ ಹೆಂಡಿರ ಜಗಳದಿಂದ ಹಿಡಿದು ಜಿಎಸ್‌ಟಿವರೆಗೆ ಈ ಜೋಡಿಚಿತ್ರಕ್ಕೆ ಹೊಂದದ ವಿಷಯವಿಲ್ಲ. ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಒಂದೇ ಹೆಸರಲ್ಲಿ ಮುಗಿಯುವುದಿಲ್ಲ. ಎಡಗಡೆಯ ಚಿತ್ರ ‘ರಿಯಲ್ ಹೌಸ್‌ವೈವ್ಸ್ ಆಫ್ ಬೆವರ್ಲಿ ಹಿಲ್ಸ್’ ಎಂಬ ಅಮೆರಿಕದ ರಿಯಾಲಿಟಿ ಷೋನದು, 2011ರಲ್ಲಿ ಪ್ರಸಾರವಾದದ್ದು. ಅಳುತ್ತಿರುವಾಕೆ ಟೇಲರ್ ಆರ್ಮ್‌ಸ್ಟ್ರಾಂಗ್. ಬಲಗಡೆಯದು ಕೆನಡಾದ ಒಟ್ಟಾವದ ಒಂದು ಮನೆಯ ಬೆಕ್ಕು, ಹೆಸರು ಸ್ಮಡ್ಜ್; ಅದರ ಪಟ 2018ರಲ್ಲಿ ಟಂಬ್ಲರ್‌ಗೆ ಬಂತು. ಈ ಎರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಟ್ವಿಟರ್ ಬಳಕೆದಾರರೊಬ್ಬರು ಎರಡನ್ನೂ ಅಕ್ಕಪಕ್ಕ ಇಟ್ಟರು. ಅಲ್ಲಿಂದ ಅದು ಎಲ್ಲರದಾಯಿತು.

ಹಾಗಾದರೆ ಕರ್ತೃ ಯಾರು? ಅತ್ತವಳೆ, ಕ್ಯಾಮೆರಾ ಹಿಡಿದವನೆ, ಬೆಕ್ಕಿನ ಒಡತಿಯೆ, ಜೋಡಿಸಿದವರೆ? ಮೀಮ್‌ಗಳ ಹುಟ್ಟಿನ ಕಥೆಗಳನ್ನು ಓದುತ್ತ ಹೋದಂತೆ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಹೆಸರು ಮುಖ ಇದ್ದವರಿಗೆ ಬರುತ್ತದೆ. ಹಕ್ಕು, ಅದರಿಂದ ದುಡ್ಡು, ಪಟ ತೆಗೆದವರಿಗೆ ಸಿಗುತ್ತದೆ. ನಗು ಹುಟ್ಟಿಸಿದ ಆ ಎರಡು ಸಾಲು ಬರೆದವರಿಗೆ ಸಾಮಾನ್ಯವಾಗಿ ಏನೂ ಇಲ್ಲ.

ಅಂತರ್ಜಾಲಕ್ಕಿಂತ ಮೊದಲು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಹೋದಲ್ಲೆಲ್ಲ ಗೋಡೆಗಳ ಮೇಲೆ ‘ಕಿಲ್ರಾಯ್ ಇಲ್ಲಿಗೆ ಬಂದಿದ್ದ’ ಎಂದು ಗೀಚುತ್ತಿದ್ದರು. ಜೊತೆಗೊಂದು ಚಿತ್ರ: ಗೋಡೆಯಾಚೆಯಿಂದ ಇಣುಕುವ ಬೋಳುತಲೆ, ಗೋಡೆಯ ಮೇಲೆ ಇಳಿಬಿದ್ದ ಉದ್ದ ಮೂಗು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಮೆರಿಕದ ಸಾರಿಗೆ ಸಂಘವೊಂದು ಈ ಕಿಲ್ರಾಯ್ ಯಾರೆಂದು ಪತ್ತೆ ಮಾಡಲು ಸ್ಪರ್ಧೆಯನ್ನೇ ಏರ್ಪಡಿಸಿತು. ಗೆದ್ದವರು ಮ್ಯಾಸಚೂಸೆಟ್ಸ್‌ನ ಕ್ವಿನ್ಸಿ ಹಡಗುಕಟ್ಟೆಯ ತಪಾಸಣೆಗಾರ ಜೇಮ್ಸ್ ಕಿಲ್ರಾಯ್. ಹಡಗಿನ ರಿವೆಟ್‌ಗಳನ್ನು ಎಣಿಸಿ ಮುಗಿಸಿದ ಗುರುತಿಗೆ ತಾನು ಹಾಗೆ ಬರೆಯುತ್ತಿದ್ದೆ ಎಂಬುದು ಅವರ ವಾದ. ಬಹುಮಾನವಾಗಿ ಸಿಕ್ಕಿದ್ದು ಒಂದು ಇಡೀ ಟ್ರಾಮ್ ಬಂಡಿ. ಅದು ಅವರ ಮಕ್ಕಳ ಆಟದ ಮನೆಯಾಯಿತಂತೆ. ಆದರೆ ಆ ಮೂಗಿನ ಮುಖ ಕಿಲ್ರಾಯ್‌ನದಲ್ಲ. ಅದು ಬ್ರಿಟನ್ನಿನಲ್ಲಿ ರೇಷನ್ ಕೊರತೆಯನ್ನು ಗೇಲಿ ಮಾಡುತ್ತಿದ್ದ ‘ಚ್ಯಾಡ್’ ಎಂಬ ಗೀಚುಚಿತ್ರ. ಒಂದು ದೇಶದ ಮಾತಿಗೆ ಇನ್ನೊಂದು ದೇಶದ ಮುಖ ಅಂಟಿತು. ಬೆಕ್ಕಿಗೂ ಅಳುವವಳಿಗೂ ಗಂಟು ಬಿದ್ದ ಬಗೆಯೂ ಇದೇ.

‘ಮೀಮ್’ ಎಂಬ ಪದವನ್ನು ಕೊಟ್ಟವರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರ ‘ದಿ ಸೆಲ್ಫಿಶ್ ಜೀನ್’ ಪುಸ್ತಕದಲ್ಲಿ. ಅವರ ಮನಸ್ಸಿನಲ್ಲಿದ್ದದ್ದು ಬೆಕ್ಕಿನ ಚಿತ್ರವಲ್ಲ. ಹಾಡಿನ ಧಾಟಿ, ಉಡುಪಿನ ಷೋಕಿ, ಮಡಕೆ ಮಾಡುವ ವಿಧಾನ ಇಂಥವು ತಲೆಯಿಂದ ತಲೆಗೆ ದಾಟುವ ಪರಿ. 1994ರಲ್ಲಿ ಅಮೆರಿಕದ ವಕೀಲ ಮೈಕ್ ಗಾಡ್ವಿನ್ ‘ವೈರ್ಡ್’ ಪತ್ರಿಕೆಯ ಲೇಖನವೊಂದರಲ್ಲಿ ಆ ಪದವನ್ನು ಅಂತರ್ಜಾಲದ ಮಾತುಕತೆಗೆ ಹಚ್ಚಿದರು. ಈಗಿನ ಬಳಕೆ ತನ್ನ ಮೂಲ ಕಲ್ಪನೆಯನ್ನು ಅಪಹರಿಸಿದೆ ಎಂದು 2013ರಲ್ಲಿ ಡಾಕಿನ್ಸ್ ಹೇಳಿದರು. ಜೀನ್‌ಗಳು ತಮ್ಮಷ್ಟಕ್ಕೆ ಮಾರ್ಪಡುತ್ತವೆ, ಇಲ್ಲಿ ಮನುಷ್ಯರು ಬೇಕೆಂದೇ ತಿದ್ದುತ್ತಾರೆ ಎಂಬುದು ಅವರು ತೋರಿಸಿದ ವ್ಯತ್ಯಾಸ. ಆ ಬೇಕೆಂದೇ ತಿದ್ದುವವರೇ ಈ ಕಥೆಯ ನಿಜವಾದ ಪಾತ್ರಧಾರಿಗಳು.

ಕುಣಿಯುವ ಕೂಸು, ಕುಣಿಯುವ ಇಲಿ

1996ರಲ್ಲಿ ಡಯಾಪರ್ ತೊಟ್ಟ ಕೂಸೊಂದು ಚಾಚಾ ನೃತ್ಯ ಮಾಡುವ ಸಣ್ಣ ಆ್ಯನಿಮೇಷನ್ ಇಮೇಲ್‌ನಿಂದ ಇಮೇಲ್‌ಗೆ ಹಬ್ಬಿತು. ಮೂಲತಃ ಇದು ತಮಾಷೆಗೆ ಮಾಡಿದ್ದೇ ಅಲ್ಲ. ‘ಕ್ಯಾರೆಕ್ಟರ್ ಸ್ಟುಡಿಯೋ’ ಎಂಬ ಆ್ಯನಿಮೇಷನ್ ತಂತ್ರಾಂಶದ ಜೊತೆ ಗ್ರಾಹಕರಿಗೆ ಕೊಡುತ್ತಿದ್ದ ಮಾದರಿ ಕಡತ. ಮೈಕಲ್ ಜಿರಾರ್ಡ್, ರಾಬರ್ಟ್ ಲೂರಿ ಮೊದಲಾದವರ ಕೆಲಸ. ಅದನ್ನು ಸ್ವಲ್ಪ ತಿದ್ದಿ ಸಹೋದ್ಯೋಗಿಗಳಿಗೆ ಕಳಿಸಿದವರು ಲ್ಯೂಕಾಸ್ ಆರ್ಟ್ಸ್ ಕಂಪನಿಯ ರಾನ್ ಲೂಸಿಯರ್. 1998ರ ಹೊತ್ತಿಗೆ ಕೂಸು ‘ಆ್ಯಲಿ ಮೆಕ್‌ಬೀಲ್’ ಟೀವಿ ಧಾರಾವಾಹಿಯಲ್ಲಿ ನಾಯಕಿಯ ಭ್ರಮೆಯಾಗಿ ಕುಣಿಯುತ್ತಿತ್ತು.

ಅದೇ 1998ರಲ್ಲಿ ಕೆನಡಾದ ಕಲಾ ವಿದ್ಯಾರ್ಥಿನಿ ಡೀಡ್ರೆ ಲಕಾರ್ಟ್ ತನ್ನ ಸಾಕು ಇಲಿ, ಹ್ಯಾಮ್‌ಸ್ಟರ್, ಗೌರವಕ್ಕೆ ಜಿಯೋಸಿಟೀಸ್ ತಾಣದಲ್ಲಿ ಒಂದು ಪುಟ ಮಾಡಿದಳು. ಸಹೋದರಿ ಮತ್ತು ಗೆಳತಿಯ ಜೊತೆ ಯಾರ ಪುಟಕ್ಕೆ ಹೆಚ್ಚು ಜನ ಬರುತ್ತಾರೆ ಎಂಬ ಪೈಪೋಟಿ ಬೇರೆ. ಸಾಲುಸಾಲು ಇಲಿಗಳು ಕುಣಿಯುವ ಆ ಪುಟದ ಹಿನ್ನೆಲೆ ಸಂಗೀತ ಡಿಸ್ನಿಯ 1973ರ ‘ರಾಬಿನ್ ಹುಡ್’ ಚಿತ್ರಕ್ಕೆ ರೋಜರ್ ಮಿಲ್ಲರ್ ಹಾಡಿದ್ದ ಧಾಟಿ, ವೇಗ ಹೆಚ್ಚಿಸಿದ್ದು. ತಿಂಗಳುಗಟ್ಟಲೆ ಆ ಕಡೆ ಯಾರೂ ತಲೆಹಾಕಲಿಲ್ಲ. 1999ರಲ್ಲಿ ಇದ್ದಕ್ಕಿದ್ದಂತೆ ಜನ ನುಗ್ಗಿದರು. ಏಕೆಂದು ಆಕೆಗೂ ತಿಳಿಯಲಿಲ್ಲ.

ಹೆಸರಿಲ್ಲದವರ ಅಡ್ಡಾ

2003ರಲ್ಲಿ ನ್ಯೂಯಾರ್ಕಿನ ಹದಿನೈದು ವರ್ಷದ ಹುಡುಗ ಕ್ರಿಸ್ಟೋಫರ್ ಪೂಲ್, ‘ಮೂಟ್’ ಎಂಬ ಅಡ್ಡಹೆಸರಿನಲ್ಲಿ, 4ಚಾನ್ ತಾಣವನ್ನು ಶುರುಮಾಡಿದ. ಅಲ್ಲಿ ಖಾತೆ ಬೇಡ, ಹೆಸರು ಬೇಡ. ಹಾಕಿದ ಚಿತ್ರ ಗಮನ ಸೆಳೆಯದಿದ್ದರೆ ಕೆಲವೇ ಹೊತ್ತಿನಲ್ಲಿ ಅಳಿಸಿಹೋಗುತ್ತದೆ. ಮೀಮ್‌ಗಳ ವ್ಯಾಕರಣ ಬಲಿತದ್ದು ಈ ವ್ಯವಸ್ಥೆಯಿಂದ ಎಂದು ನನ್ನ ಎಣಿಕೆ. ಉಳಿಯಬೇಕೆಂದರೆ ಇನ್ನೊಬ್ಬ ಅದನ್ನು ತನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಂಡು ಮತ್ತೆ ಹಾಕಬೇಕು. ಅಂದರೆ ಕದಿಯುವುದೇ ಅಲ್ಲಿ ಸಂರಕ್ಷಣೆ. ಕೊಳಕು, ದ್ವೇಷ, ಕಿರುಕುಳಗಳೂ ಅದೇ ಅನಾಮಿಕತೆಯ ನೆರಳಲ್ಲಿ ಬೆಳೆದವು ಎಂಬುದನ್ನು ಮರೆಯುವಂತಿಲ್ಲ.

ಶನಿವಾರಗಳಂದು ಬೆಕ್ಕಿನ ಪಟಗಳಿಗೆ ತಪ್ಪುತಪ್ಪು ಇಂಗ್ಲಿಷಿನ ಅಡಿಬರಹ ಹಾಕುವ ಚಟ ಅಲ್ಲೇ ಹಬ್ಬಿದ್ದು. 2007ರ ಜನವರಿಯಲ್ಲಿ ಹವಾಯಿಯ ಎರಿಕ್ ನಕಗಾವ ಮತ್ತು ಕಾರಿ ಉನೆಬಸಾಮಿ ಅಂಥ ಚಿತ್ರಗಳಿಗೇ ಒಂದು ತಾಣ ತೆರೆದರು. ಅದೇ ವರ್ಷ ಸುಮಾರು 20 ಲಕ್ಷ ಡಾಲರಿಗೆ ಬೆನ್ ಹೂ ಮತ್ತು ಅವರ ಹೂಡಿಕೆದಾರರು ಅದನ್ನು ಕೊಂಡರು. ಅಡಿಬರಹ ಬರೆದ ಸಾವಿರಾರು ಮಂದಿಗೆ ಅದರಲ್ಲಿ ಪಾಲಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ರಿಕ್‌ರೋಲ್ ಹುಟ್ಟಿದ ಬಗೆ ಇನ್ನೂ ವಿಚಿತ್ರ. 4ಚಾನ್‌ನಲ್ಲಿ ಪೂಲ್ ಒಮ್ಮೆ ಕೀಟಲೆಗೆಂದು ‘ಎಗ್’ ಎಂದು ಬರೆದಲ್ಲೆಲ್ಲ ‘ಡಕ್’ ಎಂದು ಬದಲಾಗುವಂತೆ ಮಾಡಿದ. ಆಗ ‘ಎಗ್‌ರೋಲ್’ ಎಂಬ ತಿಂಡಿ ‘ಡಕ್‌ರೋಲ್’ ಆಯಿತು. ಯಾರೋ ಚಕ್ರ ಕಟ್ಟಿದ ಬಾತುಕೋಳಿಯ ಚಿತ್ರ ಮಾಡಿದರು. ಆಸೆ ಹುಟ್ಟಿಸುವ ಕೊಂಡಿ ಒತ್ತಿದರೆ ಆ ಬಾತುಕೋಳಿ ಕಾಣುವಂತೆ ಮೋಸ ಮಾಡುವುದು ಆಟವಾಯಿತು. 2007ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ ವಿಡಿಯೋ ಗೇಮಿನ ಟ್ರೇಲರ್‌ಗೆ ಎಲ್ಲರೂ ಮುಗಿಬಿದ್ದಾಗ, ಟ್ರೇಲರ್ ಇಲ್ಲಿದೆ ಎಂದು ಕೊಟ್ಟ ಕೊಂಡಿಯೊಂದು ಬಾತುಕೋಳಿಯ ಬದಲು ರಿಕ್ ಆ್ಯಸ್ಟ್ಲಿಯ 1987ರ ‘ನೆವರ್ ಗೊನ್ನ ಗಿವ್ ಯೂ ಅಪ್’ ಹಾಡಿಗೆ ಕರೆದೊಯ್ದಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಮೇಸೀಸ್ ಅಂಗಡಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆಯಲ್ಲಿ ಆ್ಯಸ್ಟ್ಲಿಯೇ ಬಂದು ಹಾಡಿ ಇಡೀ ದೇಶವನ್ನು ರಿಕ್‌ರೋಲ್ ಮಾಡಿದರು. 2021ರ ಜುಲೈನಲ್ಲಿ ಯೂಟ್ಯೂಬ್‌ನಲ್ಲಿ ಆ ವಿಡಿಯೋ ನೂರು ಕೋಟಿ ವೀಕ್ಷಣೆ ದಾಟಿತು. ಹಾಡು ಬರೆದವರು ಆ್ಯಸ್ಟ್ಲಿಯಲ್ಲ. ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು. ಯೂಟ್ಯೂಬ್‌ನಿಂದ ತನಗೆ ಬಂದ ರಾಯಧನ 11 ಪೌಂಡ್ ಎಂದು ಪೀಟ್ ವಾಟರ್‌ಮನ್ 2009ರಲ್ಲಿ ಗೊಣಗಿದ್ದರು.

ಮುಷ್ಟಿಯಲ್ಲಿ ಮರಳು

2007ರ ಆಗಸ್ಟ್ 26ರಂದು ಫ್ಲಾರಿಡಾದ ಜಾಕ್ಸನ್‌ವಿಲ್ ಕಡಲತೀರದಲ್ಲಿ ಲೇನಿ ಗ್ರೈನರ್ ತನ್ನ ಹನ್ನೊಂದು ತಿಂಗಳ ಮಗ ಸ್ಯಾಮಿಯ ಪಟ ತೆಗೆದಳು. ಹುಡುಗನ ಮುಷ್ಟಿಯಲ್ಲಿ ಮರಳು, ಅದನ್ನು ಬಾಯಿಗೆ ಹಾಕಿಕೊಳ್ಳುವ ತಯಾರಿ, ತುಟಿ ಬಿಗಿದ ಮುಖ. ಫ್ಲಿಕರ್‌ನಲ್ಲಿ ಹಾಕಿದ ಪಟ ಬಲುಬೇಗ ತಾಯಿಯ ಕೈತಪ್ಪಿತು. ಮೊದಮೊದಲು ಜನ ಅದನ್ನು ಕಂಡದ್ದು ಬೇರೆ ಮಕ್ಕಳ ಮರಳು ಮನೆ ಕೆಡವಿದ ತುಂಟನಾಗಿ. ಹಿನ್ನೆಲೆಯ ಕಡಲು ತೆಗೆದು ಬಣ್ಣ ತುಂಬಿದರು. ವರ್ಷಗಳಾದ ಮೇಲೆ ಅರ್ಥವೇ ತಿರುಗಿ ಅದು ‘ಸಕ್ಸಸ್ ಕಿಡ್’ ಆಯಿತು: ಹೊರಟ ಬಸ್ಸು ಸಿಕ್ಕಿತು, ಓದದೆ ಹೋದ ಪರೀಕ್ಷೆ ಮುಂದಕ್ಕೆ ಹೋಯಿತು ಎಂಬಂಥ ಪುಟ್ಟ ಗೆಲುವುಗಳ ಮುಖ. ಪಟ ಅದೇ. ಎರಡನೆಯ ಅರ್ಥ ಕೊಟ್ಟವರು ಯಾರೋ, ಅವರಿಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಲೇನಿ ಮಾತ್ರ ಚುರುಕಿನ ಹೆಂಗಸು. ಪಟದ ಕೃತಿಸ್ವಾಮ್ಯವನ್ನು ನೋಂದಾಯಿಸಿದಳು. ಜಾಹೀರಾತು ಕಂಪನಿಗಳಿಗೆ ಪರವಾನಗಿ ಕೊಟ್ಟು ಹಣ ಪಡೆದಳು. ತಮಾಷೆಗೆ ಬಳಸುವವರ ತಂಟೆಗೆ ಹೋಗಲಿಲ್ಲ. 2015ರಲ್ಲಿ ಸ್ಯಾಮಿಯ ತಂದೆ ಜಸ್ಟಿನ್‌ಗೆ ಮೂತ್ರಪಿಂಡ ಕಸಿ ಮಾಡಿಸಬೇಕಾಯಿತು. ವರ್ಷಗಳಿಂದ ಡಯಾಲಿಸಿಸ್‌ನಲ್ಲಿದ್ದ ಮನುಷ್ಯ. 75,000 ಡಾಲರ್ ಗುರಿಯಿಟ್ಟು ಜಾಲದಲ್ಲಿ ನೆರವು ಕೇಳಿದಾಗ, ಇದು ಸಕ್ಸಸ್ ಕಿಡ್‌ನ ಅಪ್ಪ ಎಂದು ತಿಳಿದು ಜನ ಕೊಟ್ಟದ್ದು ಗುರಿಯನ್ನು ಮೀರಿತು. ಅದೇ ವರ್ಷ ಕಸಿ ನಡೆಯಿತು. ಮೀಮ್ ಅದರ ಮನೆಯವರಿಗೆ ಏನನ್ನಾದರೂ ಹಿಂತಿರುಗಿಸಿದ ಕಥೆಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಗೊತ್ತಿಲ್ಲ.

ಐದು ವರ್ಷದ ನಂತರ ಇನ್ನೊಂದು ಅಧ್ಯಾಯ. 2020ರ ಜನವರಿಯಲ್ಲಿ ಅಯೋವಾದ ಸಂಸದ ಸ್ಟೀವ್ ಕಿಂಗ್ ಅವರ ಚುನಾವಣಾ ಸಮಿತಿ ಸ್ಯಾಮಿಯ ಪಟವನ್ನು ಹಿಡಿದು, ನಮ್ಮ ಮೀಮ್‌ಗಳಿಗೆ ದೇಣಿಗೆ ಕೊಡಿ ಎಂದು ಕೇಳಿತು. ಬಿಳಿಯರ ಮೇಲರಿಮೆಯ ಪರವಾದ ಮಾತುಗಳಿಗಾಗಿ ಸ್ವಂತ ಪಕ್ಷದವರೇ ಸಮಿತಿಗಳಿಂದ ಹೊರಗಿಟ್ಟಿದ್ದ ರಾಜಕಾರಣಿ ಅವರು. ಲೇನಿ ಮೊಕದ್ದಮೆ ಹೂಡಿದಳು. ಎಲ್ಲರೂ ಬಳಸುವ ಮೀಮ್ ತಾನೆ, ಇದರಲ್ಲಿ ತಪ್ಪೇನು ಎಂಬುದು ಎದುರು ಪಕ್ಷದ ವಾದ. 2022ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು: ಕಿಂಗ್ ಅವರದು ವೈಯಕ್ತಿಕ ಹೊಣೆಯಲ್ಲ, ಸಮಿತಿ ಮಾತ್ರ ಹಕ್ಕು ಉಲ್ಲಂಘಿಸಿದೆ, ಪರಿಹಾರ 750 ಡಾಲರ್. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮೊತ್ತ ವಕೀಲರ ಕಾಫಿಗೂ ಸಾಲದು. ಆದರೆ ಲಕ್ಷಾಂತರ ಮಂದಿ ಹಂಚಿಕೊಂಡರೂ ಪಟದ ಒಡೆತನ ಕರಗುವುದಿಲ್ಲ ಎಂಬ ಮಾತು ಕಡತಕ್ಕೆ ಸೇರಿತು.

ನೋವು ನುಂಗುವ ಹೆರಾಲ್ಡ್

ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಕೈಯಲ್ಲಿ ಕಾಫಿ ಕಪ್ಪು, ಮುಂದೆ ಲ್ಯಾಪ್‌ಟಾಪು, ಬಿಳಿ ಗಡ್ಡ. ‘ಹೈಡ್ ದ ಪೇನ್ ಹೆರಾಲ್ಡ್’ ಎಂದು ಜಗತ್ತು ಕರೆಯುವ ಈ ಮನುಷ್ಯ ಹೆರಾಲ್ಡ್ ಅಲ್ಲ. ಹಂಗೇರಿಯ ವಿದ್ಯುತ್ ಎಂಜಿನಿಯರ್ ಆಂದ್ರಾಶ್ ಅರಾತೋ, 1945ರಲ್ಲಿ ಹುಟ್ಟಿದವರು. ಪ್ರವಾಸದ ಪಟಗಳನ್ನು ಜಾಲದಲ್ಲಿ ಹಾಕಿದಾಗ ವೃತ್ತಿಪರ ಛಾಯಾಗ್ರಾಹಕನೊಬ್ಬ ಅವರ ಮುಖ ಮೆಚ್ಚಿ, ಸ್ಟಾಕ್ ಫೋಟೋಗಳಿಗೆ ನಿಲ್ಲುವಿರಾ ಎಂದು ಕೇಳಿದ. ಇಂಥ ಪಟಗಳು ಯಾವ ಕಂಪನಿಯಾದರೂ ಶುಲ್ಕ ಕೊಟ್ಟು ಯಾವುದಕ್ಕಾದರೂ ಬಳಸುವ ಸಿದ್ಧ ಸರಕು. ಅರಾತೋ ಒಪ್ಪಿದರು. ನೂರಾರು ಪಟಗಳಾದವು: ವೈದ್ಯ, ಅಜ್ಜ, ಮೇಷ್ಟ್ರು, ಅಧಿಕಾರಿ.

ತನ್ನ ಮುಖ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಕುತೂಹಲಕ್ಕೆ ಚಿತ್ರಶೋಧ ಮಾಡಿ ನೋಡಿದವರಿಗೆ ಮೊದಲು ಕಂಡದ್ದು ಆಸ್ಪತ್ರೆಯ ತಾಣದಲ್ಲಿ ವೈದ್ಯನಾಗಿ ನಿಂತ ತಾನು. ಆಮೇಲೆ ಕಂಡವು ಮೀಮ್‌ಗಳು. ಎಲ್ಲ ನೋವನ್ನೂ ನುಂಗಿ ನಗುವ ಮುದುಕ ಎಂಬ ಪಾತ್ರವನ್ನು ಅನಾಮಿಕರು ಅವರಿಗೆ ಕೊಟ್ಟಿದ್ದರು. ಬೇಸರವಾಯಿತು, ಮನೆಯಾಕೆಗೂ ಇಷ್ಟವಾಗಲಿಲ್ಲ, ಕೆಲಕಾಲದಲ್ಲಿ ತಣ್ಣಗಾಗುತ್ತದೆ ಎಂದು ಕಾದರು. ಆಗಲಿಲ್ಲ. ಹೆರಾಲ್ಡ್ ಬದುಕಿದ್ದಾನೆಯೇ, ಅಥವಾ ಅವನು ಬರೀ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವೇ ಎಂದು ಜನ ಹುಡುಕುತ್ತಿದ್ದುದನ್ನು ಕಂಡು ಕಡೆಗೆ ತಾನೇ ಹೊರಬಂದು ಗುರುತು ಹೇಳಿಕೊಂಡರು. 2018ರಲ್ಲಿ ಕೀವ್‌ನ ಟೆಡ್‌ಎಕ್ಸ್ ವೇದಿಕೆಯಲ್ಲಿ ತನ್ನ ಕಥೆ ಹೇಳಿದರು. ನಂತರ ಕೋಕಾ ಕೋಲಾ ಜಾಹೀರಾತೂ ಬಂತು. ಇಲ್ಲಿ ಗಮನಿಸಬೇಕಾದ್ದು: ಆ ಸ್ಟಾಕ್ ಪಟಗಳ ಹಕ್ಕು ಅವರದಲ್ಲ. ಅವರು ದುಡಿಯಲು ಶುರುಮಾಡಿದ್ದು ಮುಖವನ್ನು ಹೊಸದಾಗಿ, ತಾವೇ ಸ್ವತಃ, ಕ್ಯಾಮೆರಾ ಮುಂದೆ ತಂದಾಗ.

ಇನ್ನೊಂದು ಸ್ಟಾಕ್ ಪಟ ಎಲ್ಲರಿಗೂ ಗೊತ್ತು: ಗೆಳತಿಯ ಕೈ ಹಿಡಿದು ನಡೆಯುತ್ತ, ಹಾದುಹೋದ ಬೇರೆ ಹುಡುಗಿಯನ್ನು ತಿರುಗಿ ನೋಡುವ ಹುಡುಗ. 2015ರಲ್ಲಿ ಸ್ಪೇನಿನ ಜಿರೋನಾದ ಬೀದಿಯಲ್ಲಿ ಆಂಟೋನಿಯೊ ಗಿಯೆಮ್ ತೆಗೆದದ್ದು, 2017ರಲ್ಲಿ ಮೀಮ್ ಆಗಿ ಹಬ್ಬಿದ್ದು. ಸ್ವೀಡನ್ನಿನ ಅಂತರ್ಜಾಲ ಕಂಪನಿ ಬಾನ್‌ಹಾಫ್ ಕೆಲಸಕ್ಕೆ ಜನ ಬೇಕೆಂದು ಇದೇ ಮೀಮ್ ಬಳಸಿದಾಗ, ಆ ದೇಶದ ಜಾಹೀರಾತು ನಿಗಾ ಸಂಸ್ಥೆ 2018ರಲ್ಲಿ ಇದು ಹೆಣ್ಣನ್ನು ಬದಲಾಯಿಸಬಹುದಾದ ವಸ್ತುವಿನಂತೆ ತೋರಿಸುತ್ತದೆ ಎಂದು ಆಕ್ಷೇಪಿಸಿತು.

ಗೆರೆ ಎಳೆದವರು

ಪಟ ಸಿಕ್ಕಿದ್ದಲ್ಲ, ಕೈಯಾರೆ ಬಿಡಿಸಿದ್ದು ಎಂದಾದರೆ ಒಡೆತನದ ಪ್ರಶ್ನೆ ಸಲೀಸು ಎನ್ನಿಸುತ್ತದೆ. 2008ರಲ್ಲಿ ಕಾರ್ಲೋಸ್ ರಮಿರೆಜ್ ಎಂಬ ವಿದ್ಯಾರ್ಥಿ ಮೈಕ್ರೋಸಾಫ್ಟ್ ಪೇಂಟ್‌ನಲ್ಲಿ ಕಿವಿವರೆಗೆ ಹಲ್ಲು ಕಿಸಿಯುವ ಮುಖ ಬಿಡಿಸಿದ: ಟ್ರೋಲ್‌ಫೇಸ್. 2010ರಲ್ಲಿ ಅದರ ಕೃತಿಸ್ವಾಮ್ಯ ನೋಂದಾಯಿಸಿದ. ಅಂಗಿ, ಆಟ, ಬೊಂಬೆಗಳ ಪರವಾನಗಿಯಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಗಳಿಸಿದ. ಬೆಂಕಿ ಹೊತ್ತಿದ ಕೋಣೆಯಲ್ಲಿ ಕಾಫಿ ಕುಡಿಯುತ್ತ ಎಲ್ಲ ಸರಿಯಿದೆ ಎನ್ನುವ ನಾಯಿಯನ್ನು 2013ರಲ್ಲಿ ಬಿಡಿಸಿದ ಕೆ. ಸಿ. ಗ್ರೀನ್ ಕೂಡ ತನ್ನ ನಾಯಿಯನ್ನು ಬೊಂಬೆಯಾಗಿ ಮಾರಿದ.

ಮ್ಯಾಟ್ ಫ್ಯೂರಿಯ ಪಾಡು ಅಷ್ಟು ಸುಖದ್ದಲ್ಲ. 2005ರಲ್ಲಿ ಆತ ‘ಬಾಯ್ಸ್ ಕ್ಲಬ್’ ಎಂಬ ಚಿತ್ರಕಥೆಯಲ್ಲಿ ಪೆಪೆ ಎಂಬ ಸೋಮಾರಿ ಕಪ್ಪೆಯನ್ನು ಸೃಷ್ಟಿಸಿದ. ಚಡ್ಡಿಯನ್ನು ಕಾಲಿನವರೆಗೆ ಇಳಿಸಿ ಮೂತ್ರ ಮಾಡುವ, ಹಿತವಾಗಿದೆ ಎನ್ನುವ, ನಿರುಪದ್ರವಿ ಜೀವಿ. 4ಚಾನ್‌ನವರು ಅದನ್ನು ಎತ್ತಿಕೊಂಡರು. ನಗುವ, ಅಳುವ, ಸಿಟ್ಟಿನ ಕಪ್ಪೆಗಳಾದವು. ಅಮೆರಿಕದ 2016ರ ಚುನಾವಣೆಯ ಹೊತ್ತಿಗೆ ಜನಾಂಗದ್ವೇಷಿಗಳು ಅದಕ್ಕೆ ನಾಜಿ ಸಮವಸ್ತ್ರ ತೊಡಿಸಿದ್ದರು. ಯಹೂದಿದ್ವೇಷದ ವಿರುದ್ಧ ಕೆಲಸ ಮಾಡುವ ಆ್ಯಂಟಿ ಡಿಫಮೇಷನ್ ಲೀಗ್ ಆ ವರ್ಷ ಅಂಥ ಪೆಪೆ ಚಿತ್ರಗಳನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ಫ್ಯೂರಿ ತನ್ನ ಕಪ್ಪೆಯನ್ನು ಶವಪೆಟ್ಟಿಗೆಯಲ್ಲಿಟ್ಟ ಚಿತ್ರ ಬರೆದು ಅದನ್ನು ಕೊಂದ. ಕಪ್ಪೆ ಸಾಯಲಿಲ್ಲ. ಆಮೇಲೆ ಆತ ವಕೀಲರನ್ನು ಹಿಡಿದ. ಪೆಪೆ ಇದ್ದ ಪೋಸ್ಟರ್ ಮಾರಿದ ಇನ್ಫೋವಾರ್ಸ್ ಎಂಬ ತಾಣ 2019ರಲ್ಲಿ 15,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷ ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಯುವಜನರು ಅಮೆರಿಕದ ಗದ್ದಲದ ಗೊಡವೆಯಿಲ್ಲದೆ ಅದೇ ಕಪ್ಪೆಯನ್ನು ಗೋಡೆಗಳಿಗೆ ಅಂಟಿಸುತ್ತಿದ್ದರು. ಕಾನೂನು ಫ್ಯೂರಿಗೆ ಕಪ್ಪೆಯ ಗೆರೆಗಳನ್ನು ಉಳಿಸಿಕೊಟ್ಟಿತು. ಅರ್ಥವನ್ನು ಉಳಿಸಿಕೊಡುವ ಕಾಯ್ದೆ ಎಲ್ಲೂ ಇಲ್ಲ.

ಬೆಕ್ಕು, ನಾಯಿ ಮತ್ತು ಒಡೆಯರು

ಪ್ರಾಣಿಗಳಿಗೆ ಗೌಪ್ಯತೆಯ ಹಕ್ಕಿಲ್ಲ, ಪಾಪ. 2012ರಲ್ಲಿ ಅರಿಜೋನಾದ ಟಬಾತಾ ಬುಂಡೆಸನ್ ಮನೆಯ ಬೆಕ್ಕಿನ ಪಟವನ್ನು ಅವಳ ಸಹೋದರ ರೆಡ್ಡಿಟ್‌ಗೆ ಹಾಕಿದ. ಹುಟ್ಟಿನಿಂದಲೇ ಕುಬ್ಜ ದೇಹ, ಮುಂದೆ ಚಾಚಿದ ಕೆಳದವಡೆ. ಅದರಿಂದ ಸದಾ ಮುನಿದ ಮುಖ. ಅದೇ ಗ್ರಂಪಿ ಕ್ಯಾಟ್. ಹೋಟೆಲಿನಲ್ಲಿ ಪರಿಚಾರಿಕೆಯಾಗಿದ್ದ ಟಬಾತಾ ಕೆಲಸ ಬಿಟ್ಟು ಕಂಪನಿ ಕಟ್ಟಿದಳು. ಕಾಫಿ ಪೇಯಕ್ಕೆ ಮಾತ್ರ ಬೆಕ್ಕಿನ ಮುಖ ಬಳಸುವ ಒಪ್ಪಂದ ಮಾಡಿಕೊಂಡು ಬೇರೆ ಸರಕಿಗೂ ಬಳಸಿದ ಗ್ರೆನೇಡ್ ಬೆವರೇಜ್ ಕಂಪನಿಯ ಮೇಲೆ ದಾವೆ ಹೂಡಿ 2018ರಲ್ಲಿ 7,10,000 ಡಾಲರ್ ಗೆದ್ದಳು. ಸ್ಯಾಮಿಯ ತಾಯಿಗೆ ಸಿಕ್ಕ 750ನ್ನು ಇದರ ಪಕ್ಕ ಇಟ್ಟು ನೋಡಿದರೆ, ಲಿಖಿತ ಒಪ್ಪಂದ ಎಂಬುದು ಎಂಥ ಆಸ್ತಿ ಎಂದು ಗೊತ್ತಾಗುತ್ತದೆ.

ಜಪಾನಿನ ಕಥೆ ಬೇರೆ ಧಾಟಿಯದು. ಚಿಬಾ ಪ್ರಾಂತದ ಸಾಕುರಾ ಪಟ್ಟಣದ ಶಿಶುವಿಹಾರದ ಶಿಕ್ಷಕಿ ಆತ್ಸುಕೊ ಸಾತೋ 2008ರಲ್ಲಿ, ಮುಚ್ಚಿಹೋದ ನಾಯಿ ತಳಿಗಾರಿಕೆ ಕೇಂದ್ರವೊಂದರಿಂದ ಪಾರಾಗಿ ಬಂದ ಶಿಬಾ ಇನು ತಳಿಯ ಹೆಣ್ಣುನಾಯಿಯೊಂದನ್ನು ಸಾಕಿಕೊಂಡರು. ದುಂಡು ಮುಖ ನೋಡಿ ಜಪಾನಿನ ಒಂದು ಬಗೆಯ ನಿಂಬೆಯ ಹೆಸರಿಟ್ಟರು: ಕಬೋಸು. 2010ರ ಫೆಬ್ರವರಿ 13ರಂದು, ಕಾಲ ಮೇಲೆ ಕಾಲು ಹಾಕಿ ಸೋಫಾದಲ್ಲಿ ಕೂತು ಓರೆನೋಟ ಬೀರುವ ಅದರ ಪಟವನ್ನು ತಮ್ಮ ದಿನಚರಿ ತಾಣದಲ್ಲಿ ಹಾಕಿದರು. ಮೂರು ವರ್ಷದಲ್ಲಿ ಅದು ‘ಡೋಜ್’ ಆಗಿ ಲೋಕ ಸುತ್ತಿತು. 2013ರ ಡಿಸೆಂಬರಿನಲ್ಲಿ ಬಿಲ್ಲಿ ಮಾರ್ಕಸ್ ಮತ್ತು ಜಾಕ್ಸನ್ ಪಾಮರ್ ಎಂಬ ಇಬ್ಬರು ಕ್ರಿಪ್ಟೋ ಹುಚ್ಚನ್ನು ಅಣಕಿಸಲೆಂದೇ ಡೋಜ್‌ಕಾಯಿನ್ ಹೊರತಂದರು. ಅಣಕವನ್ನೇ ಜನ ಕೊಂಡರು. ಈಲಾನ್ ಮಸ್ಕ್ ಅದರ ಬೆನ್ನುಹತ್ತಿದರು. 2023ರ ಏಪ್ರಿಲ್‌ನಲ್ಲಿ ಕೆಲ ದಿನ ಅವರ ಒಡೆತನದ ಟ್ವಿಟರ್‌ನ ಹಕ್ಕಿಯ ಜಾಗದಲ್ಲಿ ಶಿಶುವಿಹಾರದ ಶಿಕ್ಷಕಿಯ ನಾಯಿ ಕೂತಿತ್ತು. ಕಬೋಸು 2024ರ ಮೇ 24ರಂದು ತೀರಿಕೊಂಡಿತು.

2021: ಹುಚ್ಚುಸಂತೆ

2011ರಲ್ಲಿ ಟೆಕ್ಸಸ್‌ನ ಕ್ರಿಸ್ ಟೊರೆಸ್ ರೆಡ್‌ಕ್ರಾಸ್‌ಗೆ ನಿಧಿ ಕೂಡಿಸಲು ಜನ ಹೇಳಿದ್ದನ್ನು ಬಿಡಿಸುತ್ತಿದ್ದ. ಒಬ್ಬರು ಬೆಕ್ಕು ಎಂದರು, ಇನ್ನೊಬ್ಬರು ಪಾಪ್‌ಟಾರ್ಟ್ ಬಿಸ್ಕತ್ತು ಎಂದರು, ಎರಡನ್ನೂ ಸೇರಿಸಿದ. ಅದಕ್ಕೆ ಜಪಾನಿನ ಹಾಡೊಂದನ್ನು ಯೂಟ್ಯೂಬ್‌ನಲ್ಲಿ ಮತ್ತೊಬ್ಬರು ಜೋಡಿಸಿದರು. ಕಾಮನಬಿಲ್ಲು ಬಿಡುತ್ತ ಹಾರುವ ನ್ಯಾನ್ ಕ್ಯಾಟ್ ಆಯಿತು. ಹತ್ತು ವರ್ಷದ ಮೇಲೆ, 2021ರ ಫೆಬ್ರವರಿಯಲ್ಲಿ, ಟೊರೆಸ್ ಅದರ ಎನ್‌ಎಫ್‌ಟಿಯನ್ನು, ಅಂದರೆ ಬ್ಲಾಕ್‌ಚೈನ್‌ನಲ್ಲಿ ಬರೆದಿಟ್ಟ ಒಡೆತನದ ಗುರುತನ್ನು, 300 ಈಥರ್ ಎಂಬ ಕ್ರಿಪ್ಟೋ ನಾಣ್ಯಗಳಿಗೆ ಮಾರಿದ. ಆಗಿನ ಲೆಕ್ಕಕ್ಕೆ ಸುಮಾರು 5,90,000 ಡಾಲರ್.

ಅಲ್ಲಿಂದ ಹಳೆಯ ಮೀಮ್‌ಗಳ ಮಂದಿ ಸಾಲುಗಟ್ಟಿದರು. ಅವರಲ್ಲಿ ನನಗೆ ಹಿಡಿಸುವುದು ಜೋಯಿ ರಾತ್‌ಳ ಲೆಕ್ಕಾಚಾರ. 2005ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಮೆಬೇನ್‌ನಲ್ಲಿ ಅಗ್ನಿಶಾಮಕ ದಳದವರು ತರಬೇತಿಗೆಂದು ಹಳೆಯ ಮನೆಯೊಂದಕ್ಕೆ ತಾವೇ ಬೆಂಕಿಯಿಟ್ಟಿದ್ದರು. ನೆರೆಹೊರೆಯವರು ನೋಡಲು ನೆರೆದಿದ್ದರು. ತಂದೆ ಡೇವ್ ಕ್ಯಾಮೆರಾ ಎತ್ತಿದಾಗ ನಾಲ್ಕು ವರ್ಷದ ಜೋಯಿ ತಿರುಗಿ ನೋಡಿ ಕಿಸಕ್ಕನೆ ನಕ್ಕಳು, ತಾನೇ ಹಚ್ಚಿದವಳಂತೆ. ‘ಡಿಸಾಸ್ಟರ್ ಗರ್ಲ್’ ಎಂದು ಪ್ರಸಿದ್ಧವಾದ ಆ ಪಟದ ಎನ್‌ಎಫ್‌ಟಿ 2021ರ ಏಪ್ರಿಲ್‌ನಲ್ಲಿ 180 ಈಥರ್‌ಗೆ, ಹೆಚ್ಚುಕಡಿಮೆ ಐದು ಲಕ್ಷ ಡಾಲರಿಗೆ ಹೋಯಿತು. ಆಗ ಅವಳು ಕಾಲೇಜು ಹುಡುಗಿ. ಹಣವನ್ನು ಓದಿನ ಸಾಲಕ್ಕೂ ದಾನಕ್ಕೂ ಇಟ್ಟಳು. ಮಾರಿದ್ದು ಎನ್‌ಎಫ್‌ಟಿಯನ್ನು, ಕೃತಿಸ್ವಾಮ್ಯವನ್ನಲ್ಲ. ಮುಂದೆ ಯಾರು ಮರುಮಾರಿದರೂ ಶೇಕಡಾ 10 ಕುಟುಂಬಕ್ಕೆ ಬರುವ ಏರ್ಪಾಡೂ ಆಗಿತ್ತು. ಮೇ ತಿಂಗಳಲ್ಲಿ, ಅಣ್ಣನ ಬೆರಳು ಕಚ್ಚುವ ಬ್ರಿಟಿಷ್ ಕೂಸು ಚಾರ್ಲಿಯ 2007ರ ವಿಡಿಯೋ 7,60,999 ಡಾಲರಿಗೆ ಮಾರಾಟವಾಯಿತು. ಜೂನ್‌ನಲ್ಲಿ ಕಬೋಸು ಪಟ 1,696.9 ಈಥರ್, ಸುಮಾರು 40 ಲಕ್ಷ ಡಾಲರ್ ಮುಟ್ಟಿತು. ಸ್ವಲ್ಪ ಕಾಲದಲ್ಲೇ ಸಂತೆ ಮುಗಿಯಿತು, ಬೆಲೆಗಳು ಕುಸಿದವು. ಕೊಂಡವರು ಏನು ಕೊಂಡರೋ ನಾನು ಇಂದಿಗೂ ಯೋಚಿಸುತ್ತೇನೆ. ಮಾರಿದವರಿಗಂತೂ ಹತ್ತು ವರ್ಷ ಪುಕ್ಕಟೆ ನಗಿಸಿದ ಬಾಕಿ ಸಂದಾಯವಾಯಿತು.

ಕೇಳದೆ ಬಂದ ಖ್ಯಾತಿ

ಎಲ್ಲರೂ ನಕ್ಕು ಒಪ್ಪಿಕೊಂಡವರಲ್ಲ. 2002ರಲ್ಲಿ ಕೆನಡಾದ ಕ್ಯುಬೆಕ್‌ನಲ್ಲಿ ಶಾಲಾ ಹುಡುಗನೊಬ್ಬ ಗಾಲ್ಫ್ ಚೆಂಡು ಹೆಕ್ಕುವ ಕೋಲನ್ನು ‘ಸ್ಟಾರ್ ವಾರ್ಸ್’ ಕತ್ತಿಯಂತೆ ತಿರುಗಿಸುತ್ತ ತನ್ನಷ್ಟಕ್ಕೆ ವಿಡಿಯೋ ಮಾಡಿಕೊಂಡ. ಟೇಪು ಸಹಪಾಠಿಗಳ ಕೈಗೆ ಸಿಕ್ಕಿ 2003ರಲ್ಲಿ ಜಾಲಕ್ಕೆ ಬಂತು. ಆಗಿನ್ನೂ ಯೂಟ್ಯೂಬ್ ಹುಟ್ಟಿರಲಿಲ್ಲ. ಯಾರೋ ಬೆಳಕಿನ ಕತ್ತಿ, ಸಂಗೀತ ಸೇರಿಸಿದರು. ಹುಡುಗ ಶಾಲೆ ಬಿಡಬೇಕಾಯಿತು. ಮನೆಯವರು ಸಹಪಾಠಿಗಳ ಕುಟುಂಬಗಳ ಮೇಲೆ ಹೂಡಿದ ದಾವೆ 2006ರಲ್ಲಿ ರಾಜಿಯಾಯಿತು. ವಿಡಿಯೋವನ್ನು ತನ್ನ ತಾಣದಲ್ಲಿ ಹಂಚಿದವರಲ್ಲೊಬ್ಬ ಆ್ಯಂಡಿ ಬಯೊ, ಹುಡುಗನಿಗೆ ಐಪಾಡ್ ಕೊಡಿಸಲು ಓದುಗರಿಂದ ಚಂದಾ ಎತ್ತಿದ. ಆಮೇಲೆ ತಾನು ಹಂಚಿದ್ದಕ್ಕೇ ಪಶ್ಚಾತ್ತಾಪ ಪಟ್ಟ. ಆ ಹುಡುಗ ಬೆಳೆದು ಕಾನೂನು ಓದಿದ. 2022ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಸಾಕ್ಷ್ಯಚಿತ್ರದಲ್ಲಿ ತಾನೇ ಮಾತಾಡಿದ. ಹೆಸರು ಹೇಳುವುದು ಸುಲಭ. ಆದರೆ ಆ ಖ್ಯಾತಿ ಆತ ಕೇಳಿದ್ದಲ್ಲ, ಆದ್ದರಿಂದ ಇಲ್ಲಿ ಬರೆದಿಲ್ಲ.

ಕ್ರಿಕೆಟ್ ನೋಡುವವರಿಗೆ 2019ರ ವಿಶ್ವಕಪ್‌ನ ಒಂದು ಮುಖ ನೆನಪಿರಬೇಕು. ಜೂನ್ 12, ಟಾಂಟನ್, ಆಸ್ಟ್ರೇಲಿಯಾ ಎದುರು ಪಾಕಿಸ್ತಾನ. ಆಸಿಫ್ ಅಲಿ ಡೇವಿಡ್ ವಾರ್ನರ್ ಕ್ಯಾಚ್ ಬಿಟ್ಟಾಗ, ಸೊಂಟದ ಮೇಲೆ ಕೈಯಿಟ್ಟು ಮಾತು ಬಾರದೆ ನಿಂತ ಪಾಕಿಸ್ತಾನಿ ಅಭಿಮಾನಿ. ಮುಹಮ್ಮದ್ ಸಾರಿಮ್ ಅಖ್ತರ್, ಲಂಡನ್‌ನಲ್ಲಿ ನೌಕರಿ. ಆ ನಿರಾಶೆ ಹಾಂಗ್‌ಕಾಂಗ್‌ನ ಮೀಮ್ ವಸ್ತುಸಂಗ್ರಹಾಲಯದ ಗೋಡೆಯನ್ನೂ ಏರಿತು. ಪಂದ್ಯದ ಪ್ರಸಾರದ ಹಕ್ಕು ಮಾತ್ರ ಪ್ರಸಾರಕರದ್ದೇ.

ಮೂಲ ಹುಡುಕುವವರು

ಇಷ್ಟೆಲ್ಲ ಹುಟ್ಟುಕಥೆಗಳು ನಮಗೆ ತಿಳಿದಿರುವುದು ಕೆಲವರ ಪತ್ತೇದಾರಿಕೆಯಿಂದ. 2008ರಲ್ಲಿ ‘ರಾಕೆಟ್‌ಬೂಮ್’ ಎಂಬ ವಿಡಿಯೋ ಸರಣಿಯ ಭಾಗವಾಗಿ ಶುರುವಾದ ‘ನೋ ಯುವರ್ ಮೀಮ್’ ಇದರಲ್ಲಿ ಮುಂದು. ಒಂದು ಮೀಮ್‌ನ ಅತಿ ಹಳೆಯ ಪ್ರತಿ ಯಾವುದು, ಯಾವ ದಿನ, ಎಲ್ಲಿ ಎಂಬುದನ್ನು ಅಲ್ಲಿ ಪುರಾತತ್ವದ ಶ್ರದ್ಧೆಯಿಂದ ಕೆದಕುತ್ತಾರೆ. ಚಿತ್ರ ಕೊಟ್ಟರೆ ಅದರ ನಕಲುಗಳನ್ನು ತೋರಿಸುವ ಟಿನ್‌ಐ 2008ರಲ್ಲಿ ಬಂತು, ಗೂಗಲ್‌ನದು 2011ರಲ್ಲಿ. ಅಳಿದ ಪುಟಗಳಿಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ‘ನೋ ಯುವರ್ ಮೀಮ್’ ಸಂಗ್ರಹವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಕಾಪಿಡುತ್ತಿದೆ. ವಾಟ್ಸ್‌ಆ್ಯಪ್ ಬಂದ ಮೇಲೆ ಈ ಕೆಲಸ ಕಷ್ಟವಾಗಿದೆ. ಖಾಸಗಿ ಗುಂಪುಗಳಲ್ಲಿ ಹುಟ್ಟಿದ್ದಕ್ಕೆ ಹೊರಗಿನವರ ಕಣ್ಣಿಗೆ ಬೀಳುವ ದಿನಾಂಕವೇ ಇರುವುದಿಲ್ಲ.

ನಮ್ಮಲ್ಲಿ

2019 ಕನ್ನಡದ ಟ್ರೋಲ್ ಪೇಜುಗಳಿಗೆ ಸುಗ್ಗಿಯ ವರ್ಷ. ಸಿನಿಮಾ ಸಮಾರಂಭವೊಂದರಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂದು ಕರೆದ, ಮಗ ಜನರ ನಡುವಿನಿಂದ ಓಗೊಟ್ಟ ಹಳೆಯ ವಿಡಿಯೋವನ್ನು, ನಿಖಿಲ್ ಮಂಡ್ಯದಿಂದ ಲೋಕಸಭೆಗೆ ನಿಂತ ಹೊತ್ತಿಗೆ ಯಾರೋ ಹೊರಗೆಳೆದರು. ಕನ್ನಡ ಬಾರದವರೂ ಅದನ್ನು ಹೇಳತೊಡಗಿದರು; ಆ ಶೀರ್ಷಿಕೆಗಾಗಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ಅರ್ಜಿಗಳೂ ಹೋದವು. ವರ್ಷದ ಕೊನೆಗೆ ಕಾಗವಾಡ ಉಪಚುನಾವಣೆಯ ಪ್ರಚಾರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡುತ್ತಿದ್ದಾಗ ಸಭೆಯಲ್ಲಿದ್ದ ಗ್ರಾಮಸ್ಥನೊಬ್ಬ ತಡೆಯಲಾರದೆ ‘ಹೌದು ಹುಲಿಯಾ’ ಎಂದ. ಆ ಉದ್ಗಾರ ವಿಧಾನಸಭೆಯ ಒಳಗೂ ಮೊಳಗಿತು. ಎರಡರಲ್ಲೂ ಮಾತಾಡಿದವರು ಗೊತ್ತು, ಕೇಳಿಸಿಕೊಂಡವರು ಗೊತ್ತು. ಆ ಕೆಲವೇ ಸೆಕೆಂಡುಗಳನ್ನು ಉದ್ದನೆಯ ವಿಡಿಯೋದಿಂದ ಕತ್ತರಿಸಿ ತೆಗೆದ ಕೈ ಯಾರದೆಂದು ಯಾರೂ ಕೇಳಲಿಲ್ಲ. ಉಪೇಂದ್ರ, ಜಗ್ಗೇಶ್, ಸಾಧು ಕೋಕಿಲ ಅವರ ಸಿನಿಮಾ ದೃಶ್ಯಗಳಿಗೆ ಮೂಲೆಯಲ್ಲಿ ತಮ್ಮ ಲೋಗೊ ಒತ್ತುವ ಅಡ್ಮಿನ್‌ಗಳು, ಇನ್ನೊಂದು ಪೇಜು ನಮ್ಮದನ್ನು ಕದಿಯಿತು ಎಂದು ಜಗಳಕ್ಕೆ ನಿಲ್ಲುವುದು ನೋಡಲು ಸೊಗಸು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪಟದ ಕರ್ತೃ ಅದನ್ನು ತೆಗೆದ ವ್ಯಕ್ತಿ. ದುಡ್ಡು ಕೊಟ್ಟು ತೆಗೆಸಿದ್ದಾದರೆ ಬೇರೆ ಕರಾರಿಲ್ಲದ ಪಕ್ಷದಲ್ಲಿ ಹಕ್ಕು ತೆಗೆಸಿದವರದು. ಪಟ ತೆಗೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಅದು ಉಳಿಯುತ್ತದೆ. ವಿಮರ್ಶೆ, ಟೀಕೆಗೆ 52ನೇ ಕಲಂ ಜಾಗ ಬಿಟ್ಟಿದೆ, ಆದರೆ ಮೀಮ್ ಎಂಬ ಹೆಸರು ಅಲ್ಲಿಲ್ಲ. ನಮ್ಮಲ್ಲಿ ಕಾನೂನು ಕೈಹಾಕಿದ್ದು ಹೆಚ್ಚಾಗಿ ಬೇರೆ ಬಾಗಿಲಿನಿಂದ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾಧವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಪೊಲೀಸರು ಬಂಧಿಸಿದರು. ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಚಿತ್ರದ ಸನ್ನಿವೇಶವನ್ನು ಆಧರಿಸಿ ಮಮತಾ ಬ್ಯಾನರ್ಜಿಯವರನ್ನು ಲೇವಡಿ ಮಾಡಿದ ಚಿತ್ರವೊಂದು ಅವರ ಇಮೇಲ್‌ನಿಂದ ಹೋಗಿತ್ತು. ಅವರು ಅದನ್ನು ರಚಿಸಿದವರಲ್ಲ, ವಸತಿ ಸಂಘದ ನೆರೆಯವರಿಗೆ ಮುಂದಕ್ಕೆ ಕಳಿಸಿದವರು ಅಷ್ಟೆ. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದುಮಾಡಿತು. ಅಂಬಿಕೇಶ್ ಮಹಾಪಾತ್ರ ಪ್ರಕರಣದಿಂದ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ.